ರಿಪೇರಿ ಮಾಡಿಸಿ ಮಾರಬೇಕೆಂದಿರುವ ಹಳೇ ಮನೆ: ಒಳಗೆ ಇಬ್ಬರು ಚಿಕ್ಕ ಮಕ್ಕಳು, ನಡುವೆ ದೇವರ ಮನೆ

ಕುವೆಂಪುನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಮೈಸೂರಿನ ಕುವೆಂಪುನಗರದಲ್ಲಿ ನಾವಿರುವ ಮನೆ ಮಾವನವರು 1986ರಲ್ಲಿ ಕಟ್ಟಿಸಿದ್ದು. 30 ಅಡಿಗೆ 40 ಅಡಿ ಸೈಟು, ಆಗಿನ ಸಿಐಟಿಬಿಯಿಂದ (ನಗರ ಸುಧಾರಣಾ ಮಂಡಳಿ) ಮಂಜೂರಾಗಿದ್ದು. ಎರಡು ರೂಮು, ಹಾಲು, ಅಡುಗೆ ಮನೆ, ಹಿಂದುಗಡೆ ಬಚ್ಚಲು. ನೆಲ ಪೂರ್ತಿ ರೆಡ್ ಆಕ್ಸೈಡ್. ಮಾವ ಕೋವಿಡ್ ಎರಡನೇ ಅಲೆಯಲ್ಲಿ ಹೋದರು. ಈಗ ಇರುವುದು ಅತ್ತೆ, ನಾವಿಬ್ಬರು, ಯುಕೆಜಿ ಓದುವ ಮಗಳು, ಅಂಬೆಗಾಲಿಡುವ ಮಗ.

ನನ್ನ ಗಂಡನ ಪ್ಲಾನ್ ಹೀಗಿದೆ. ಒಂದು 15 ಲಕ್ಷ ಹಾಕಿ ಟೈಲ್ಸ್, ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್ ಎಲ್ಲ ಮಾಡಿಸುವುದು. ಒಳ್ಳೆ ರೇಟಿಗೆ ಮಾರುವುದು. ಆ ದುಡ್ಡಲ್ಲಿ ಇನ್ನೊಂದು ಹಳೇ ಮನೆ ಕೊಂಡು, ಅದರಲ್ಲೇ ಇದ್ದುಕೊಂಡು ರಿಪೇರಿ ಮಾಡಿಸಿ, ಅದನ್ನೂ ಮಾರುವುದು. ಅಮೆರಿಕದವರ ಫ್ಲಿಪ್ಪಿಂಗ್ ವಿಡಿಯೋಗಳನ್ನು ರಾತ್ರಿ ಹನ್ನೆರಡರವರೆಗೆ ನೋಡುತ್ತಾರೆ.

ಅತ್ತೆ ಒಂದೇ ಮಾತು ಹೇಳಿದ್ದಾರೆ: "ಏನಾದ್ರೂ ಮಾಡ್ಕೊಳ್ಳಿ, ದೇವರ ಮನೆ ಮುಟ್ಟಬೇಡಿ." ಮಾವನವರ ಕಾಲದಿಂದ ಸಾಲಿಗ್ರಾಮ ಇದೆ. ದಿನಾ ಅಭಿಷೇಕ, ನೈವೇದ್ಯ ಆಗಲೇಬೇಕು. ನನ್ನ ಗಂಡ ಸ್ನಾನ ಮಾಡಿ ಪೂಜೆ ಮುಗಿಸಿಯೇ ಆಫೀಸಿಗೆ ಹೋಗುವುದು. ಆದರೆ ಮನೆ ನೋಡಿಕೊಂಡು ಹೋದ ಬ್ರೋಕರ್, "ದೇವರ ಮನೆ ಗೋಡೆಗೆ ಬಚ್ಚಲು ತಾಗಿದೆ, ವಾಸ್ತು ಸರಿ ಇಲ್ಲ, ಒಡೆದು ಈಶಾನ್ಯಕ್ಕೆ ಹಾಕಿ, ಇಲ್ಲಾಂದ್ರೆ ಯಾರೂ ತಗೊಳ್ಳಲ್ಲ" ಎಂದು ಹೇಳಿದ್ದಾರೆ. ಅವತ್ತಿನಿಂದ ಮನೆಯಲ್ಲಿ ಮಾತು ಕಡಿಮೆ.

ನನ್ನ ಪ್ರಶ್ನೆಗಳು: ಮಕ್ಕಳನ್ನು ಇಟ್ಟುಕೊಂಡು ಅದೇ ಮನೆಯಲ್ಲಿ ಕೆಲಸ ಮಾಡಿಸಬಹುದಾ? ದೇವರ ಮನೆ ಏನು ಮಾಡುವುದು? ಹಾಕಿದ ದುಡ್ಡು ನಿಜವಾಗಲೂ ವಾಪಸ್ ಬರುತ್ತದಾ?

ಹಾಸನದ ಮೇಸ್ತ್ರಿ

ಅಕ್ಕ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಬರಲ್ಲ.

ನಾನು ಗಾರೆ ಕೆಲಸದಿಂದ ಶುರು ಮಾಡಿದವನು, ಈಗ ಕಂಟ್ರಾಕ್ಟ್ ಹಿಡಿಯುತ್ತೇನೆ. ನಮ್ಮ ಕಡೆ ಹಳೇ ಮನೆ ಕೊಳ್ಳಲು ಬಂದವರು ಗೇಟಿನ ಹತ್ತಿರ ನಿಂತೇ ಕೇಳುವ ಮೊದಲ ಮಾತು, "ಇಲ್ಲಿ ಚದರಡಿ ಏನು ನಡೀತಿದೆ?" ಅವರು ಕೊಳ್ಳುವುದು ಸೈಟು. ಸುಮಾರು 40 ವರ್ಷದ ಕಟ್ಟಡಕ್ಕೆ ಏನೋ ಒಂದಷ್ಟು ಸೇರಿಸುತ್ತಾರೆ, ಅದೂ ಚೌಕಾಸಿ ಮಾಡಿ. ಅರ್ಧ ಜನ ಒಡೆದು ಮೂರು ಅಂತಸ್ತು ಕಟ್ಟುವ ಲೆಕ್ಕದಲ್ಲೇ ಬಂದಿರುತ್ತಾರೆ. ಅಂಥವರಿಗೆ ನಿಮ್ಮ ಮಾಡ್ಯುಲರ್ ಕಿಚನ್ ಡೆಬ್ರಿಸ್ ಜೊತೆ ಟ್ರ್ಯಾಕ್ಟರ್ ಹತ್ತುವ ಸಾಮಾನು ಅಷ್ಟೇ. ಉಳಿದ ಅರ್ಧ ವಾಸಕ್ಕೆ ಕೊಳ್ಳುವವರು. ಅವರಿಗೆ ಅವರದೇ ರುಚಿ ಇರುತ್ತದೆ, ಅವರದೇ ವಾಸ್ತುವಿನವರು ಇರುತ್ತಾರೆ. ನೀವು ಇವತ್ತು ಈಶಾನ್ಯಕ್ಕೆ ಹಾಕಿದ ದೇವರ ಮನೆಯನ್ನು ಅವರ ಪಂಡಿತರು ಬಂದು ಇನ್ನೂ ಎರಡಡಿ ಸರಿಸಿ ಎನ್ನುತ್ತಾರೆ.

ಫಾಲ್ಸ್ ಸೀಲಿಂಗ್ ಅಂತೂ ಬೇಡವೇ ಬೇಡ. ಆ ಕಾಲದ ಆರ್‌ಸಿಸಿಯಲ್ಲಿ ಕಂಬಿ ತುಕ್ಕು ಹಿಡಿದು ಕೆಳಗಿನ ಸಿಮೆಂಟ್ ಉದುರುವುದು ಸಾಮಾನ್ಯ. ಹಳೇ ಮನೆಗೆ ಹೊಸ ಸೀಲಿಂಗ್ ನೋಡಿದರೆ, ಮೇಲೆ ಏನು ಮುಚ್ಚಿದ್ದಾರೆ ಅಂತ ತಿಳಿದವರು ಕೇಳಿಯೇ ಕೇಳುತ್ತಾರೆ.

ದುಡ್ಡು ಹಾಕಬೇಕಾದ್ದು ಕಣ್ಣಿಗೆ ಕಾಣದ ಕಡೆ. ತಾರಸಿ ಸೋರಿಕೆ ಮೊದಲು. ಆಮೇಲೆ ನೀರಿನ ಪೈಪು. 1986 ಎಂದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಇರುತ್ತದೆ, ಒಳಗೆ ತುಕ್ಕು ಕಟ್ಟಿ ಬೆರಳು ಹೋಗುವಷ್ಟೂ ಜಾಗ ಇರುವುದಿಲ್ಲ, ನಲ್ಲಿ ತಿರುಗಿಸಿದರೆ ಬೆಳಿಗ್ಗೆ ಮೊದಲ ಬಕೆಟ್ ಕಂದು ನೀರು. ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಹಾಕಿಸಿ. ಮೂರನೆಯದು ವೈರಿಂಗ್. ಹಳೇ ಬೋರ್ಡುಗಳಿಗೆ ಎಷ್ಟೋ ಕಡೆ ಅರ್ಥಿಂಗೇ ಇರುವುದಿಲ್ಲ. ಹೊಸ ವೈರು, ಸರಿಯಾದ ಅರ್ಥಿಂಗ್, 30 ಮಿಲಿಆಂಪಿನ ಆರ್‌ಸಿಸಿಬಿ. ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು ಅದು. ಮಗು ಪ್ಲಗ್ಗಿಗೆ ಏನಾದರೂ ತುರುಕಿದರೆ ಜೀವ ಉಳಿಸುವುದು ಅದೇ. ಮಾರಿದರೂ ಮಾರದಿದ್ದರೂ ಇದನ್ನು ನಾಳೆಯೇ ಮಾಡಿಸಿ.

ಆ ಕೆಂಪು ನೆಲದ ಮೇಲೆ ಟೈಲ್ಸ್ ಹಾಕಬೇಡಿ. ಹಾಕಿದರೆ ನೆಲ ಒಂದು ಇಂಚಿನ ಮೇಲೆ ಏರುತ್ತದೆ, ಎಲ್ಲ ಬಾಗಿಲನ್ನೂ ಕೆಳಗೆ ಕೊಯ್ಯಬೇಕು, ಬಚ್ಚಲಿನ ನೀರು ಹಾಲಿನ ಕಡೆ ಬಂತು ಎನ್ನುವ ತಂಟೆ ಬೇರೆ. ಚೆನ್ನಾಗಿ ತಿಕ್ಕಿಸಿ, ಪಾಲಿಶ್ ಹಾಕಿಸಿ. ಈಗ ಆ ಥರ ನೆಲ ಹಾಕುವವರೇ ಅಪರೂಪ.

ಡಲ್ಲಾಸ್ ಕನ್ನಡಿಗ

ನಿಮ್ಮ ಯಜಮಾನರು ನೋಡುವ ವಿಡಿಯೋಗಳು ಇಲ್ಲಿಯವು ತಾನೇ. ಅವರಿಗೆ ಎರಡು ವಿಷಯ ಹೇಳಿ.

ಇಲ್ಲಿನ ಮನೆ ಮರದ ಚೌಕಟ್ಟು, ಅದಕ್ಕೆ ಹೊಡೆದ ಡ್ರೈವಾಲ್ (ಜಿಪ್ಸಂ) ಹಾಳೆ. ಗಂಡ ಹೆಂಡತಿ ಇಬ್ಬರೇ ಶನಿವಾರ ಒಂದು ಗೋಡೆ ಕಿತ್ತು ಭಾನುವಾರ ಇನ್ನೊಂದು ನಿಲ್ಲಿಸಬಹುದು. ನಿಮ್ಮ ಇಟ್ಟಿಗೆ ಗೋಡೆಯಲ್ಲಿ ಒಂದು ಸ್ವಿಚ್ ಸರಿಸಬೇಕಾದರೂ ಕಟರ್ ಹಿಡಿದು ಮನೆ ತುಂಬ ಧೂಳು ಎಬ್ಬಿಸಬೇಕು.

ಎರಡನೆಯದು ತೆರಿಗೆ. ಮಾರುವ ಮುಂಚಿನ 5 ವರ್ಷದಲ್ಲಿ 2 ವರ್ಷ ಆ ಮನೆಯಲ್ಲೇ ವಾಸವಿದ್ದರೆ, ಜಂಟಿಯಾಗಿ ತೆರಿಗೆ ಕಟ್ಟುವ ದಂಪತಿಗೆ 5 ಲಕ್ಷ ಡಾಲರ್ ಲಾಭದವರೆಗೆ ಕೇಂದ್ರದ ತೆರಿಗೆ ಇಲ್ಲ. ಒಬ್ಬರೇ ಆದರೆ ಎರಡೂವರೆ ಲಕ್ಷ. ಮಕ್ಕಳ ಸಮೇತ ಮನೆಯಿಂದ ಮನೆಗೆ ಹೋಗುತ್ತಾ ಬದುಕುವವರ ಆಟ ಪೂರ್ತಿ ನಿಂತಿರುವುದು ಈ ಒಂದು ನಿಯಮದ ಮೇಲೆ. ವಿಡಿಯೋದಲ್ಲಿ ಅದನ್ನು ಹೇಳಲ್ಲ, ಹೊಸ ಸಿಂಕ್ ತೋರಿಸುತ್ತಾರೆ.

ಇನ್ನೊಂದು, ನಗು ಬಂದರೂ ಹೇಳುತ್ತೇನೆ. ಇಲ್ಲಿ ಮನೆ ಬೇಗ ಮಾರಾಟವಾಗಲಿ ಅಂತ ಸಂತ ಜೋಸೆಫರ ಪುಟ್ಟ ಮೂರ್ತಿಯನ್ನು ಅಂಗಳದಲ್ಲಿ ತಲೆಕೆಳಗಾಗಿ ಹೂಳುವ ಪದ್ಧತಿ ಇದೆ. ಅದಕ್ಕೆಂದೇ ಕಿಟ್ ಮಾರುತ್ತಾರೆ! ದೇವರನ್ನು ಬಿಟ್ಟು ಮನೆ ಮಾರುವವರು ಎಲ್ಲೂ ಇಲ್ಲ ಬಿಡಿ.

ಲೆಕ್ಕದಮ್ಮ

ಡಲ್ಲಾಸ್‌ನವರು ಹೇಳಿದ ಆ ನಿಯಮ ನಮ್ಮಲ್ಲಿ ಇಲ್ಲ. ನಮ್ಮ ಕಥೆ ಬೇರೆ. ನಾನು ಆಡಿಟ್ ಆಫೀಸಿನವಳು, ಸುಲಭದಲ್ಲಿ ಹೇಳಲು ನೋಡುತ್ತೇನೆ.

ಈಗಿನ ಮನೆ ಮಾವನವರಿಂದ ಬಂದದ್ದು. ಅವರು ಇಟ್ಟುಕೊಂಡಿದ್ದ ವರ್ಷಗಳೂ ನಿಮ್ಮ ಲೆಕ್ಕಕ್ಕೆ ಸೇರುತ್ತವೆ. ಆದ್ದರಿಂದ ದೀರ್ಘಾವಧಿ ಲಾಭ. 2001ರ ಏಪ್ರಿಲ್ 1ಕ್ಕೆ ಇದ್ದ ಬೆಲೆಯನ್ನು ಮೂಲ ಬೆಲೆಯಾಗಿ ತೆಗೆದುಕೊಳ್ಳಬಹುದು. ಆದರೆ ಅದು ಅವತ್ತಿನ ಸರ್ಕಾರಿ ಮಾರ್ಗಸೂಚಿ ಬೆಲೆಯನ್ನು ಮೀರುವಂತಿಲ್ಲ. 2024ರ ಜುಲೈ 23ಕ್ಕಿಂತ ಮೊದಲೇ ಕೈಗೆ ಬಂದ ಆಸ್ತಿಯಾದ್ದರಿಂದ ಎರಡು ದಾರಿ ಇವೆ: ಹಣದುಬ್ಬರ ಹೊಂದಿಸದೆ 12.5 ಪರ್ಸೆಂಟ್, ಅಥವಾ ಹೊಂದಿಸಿ 20. ಎರಡೂ ಹಾಕಿ ನೋಡಿ, ಯಾವುದು ಕಡಿಮೆಯೋ ಅದು.

ರಿಪೇರಿ ಖರ್ಚನ್ನು ಮೂಲ ಬೆಲೆಗೆ ಸೇರಿಸಬಹುದು. ಆದರೆ ಬಿಲ್ ಬೇಕು, ಬ್ಯಾಂಕಿನಿಂದ ಹೋದ ದುಡ್ಡಾದರೆ ಒಳ್ಳೆಯದು. ಸುಣ್ಣ ಬಣ್ಣ, ನಲ್ಲಿ ವಾಷರ್ ಎಲ್ಲ ಬರುವುದಿಲ್ಲ. ಮನೆಗೆ ಹೊಸದಾಗಿ ಏನಾದರೂ ಸೇರಿದ್ದರೆ ಬರುತ್ತದೆ.

ಈಗ ಸರಣಿಯಾಗಿ ಮಾರುವ ಪ್ಲಾನ್. ಹೊಸದಾಗಿ ಕೊಂಡ ಮನೆಯನ್ನು 24 ತಿಂಗಳ ಒಳಗೆ ಮಾರಿದರೆ ಲಾಭ ಪೂರ್ತಿ ನಿಮ್ಮ ಸಂಬಳದ ಜೊತೆ ಸೇರಿ ಅದೇ ತೆರಿಗೆ ಸ್ಲ್ಯಾಬಿಗೆ (ದರದ ಹಂತಕ್ಕೆ) ಬರುತ್ತದೆ. ಹಳೇ ಮನೆ ಮಾರಿ ಬಂದ ಲಾಭಕ್ಕೆ ವಿನಾಯಿತಿ ಬೇಕೆಂದು ಹೊಸ ಮನೆ ಕೊಂಡಿರೋ, ಅದನ್ನು 3 ವರ್ಷ ಮಾರುವಂತಿಲ್ಲ. ಮಾರಿದರೆ ಹಿಂದೆ ಸಿಕ್ಕ ವಿನಾಯಿತಿ ಹೋಯಿತು. ಹೀಗೇ ಮೇಲಿಂದ ಮೇಲೆ ಮಾಡುತ್ತಿದ್ದರೆ ಇದು ವ್ಯಾಪಾರ ಅಂತ ಇಲಾಖೆ ಹೇಳಬಹುದು.

ಕೊಳ್ಳುವಾಗಿನ ಖರ್ಚು ಬೇರೆ. ಕರ್ನಾಟಕದಲ್ಲಿ 45 ಲಕ್ಷ ಮೇಲ್ಪಟ್ಟರೆ ಮುದ್ರಾಂಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರ ಬದಲು 2 ಪರ್ಸೆಂಟ್. ಎಲ್ಲ ಸೇರಿ ಪೇಟೆಯಲ್ಲಿ ಸುಮಾರು 7.6. 80 ಲಕ್ಷದ ಮನೆಗೆ 6 ಲಕ್ಷ ಅಲ್ಲೇ ಹೋಯಿತು. ಬ್ರೋಕರ್ ಕಮಿಷನ್ ಇನ್ನೂ ಹೇಳಿಲ್ಲ. ಪ್ರತಿ ಮನೆಗೂ ಇದನ್ನು ಕಟ್ಟಿ ಆಮೇಲೆ ಲಾಭ ಅಂತ ಉಳಿಯಬೇಕು.

ಬಿಸಿಮಾತು

ವಾಸ್ತು ವಾಸ್ತು ಅಂತ ಒಡೆಯುವುದು ದುಡ್ಡಿನ ದಂಡ. ನಮ್ಮ ಮನೆ ಬಾಗಿಲು ದಕ್ಷಿಣಕ್ಕೇ ಇದೆ, ಎಲ್ಲರೂ ಗುಂಡುಕಲ್ಲಿನ ಹಾಗೆ ಇದ್ದೇವೆ.

ಹಾಸನದ ಮೇಸ್ತ್ರಿ

ಸರ್, ನಿಮ್ಮ ಮಾತು ಸರಿ. ಆದರೆ ಮಾರುವಾಗ ನಿಮ್ಮ ನಂಬಿಕೆ ಲೆಕ್ಕಕ್ಕಿಲ್ಲ, ಕೊಳ್ಳುವವರ ನಂಬಿಕೆ ಲೆಕ್ಕಕ್ಕೆ. ದಕ್ಷಿಣದ ಬಾಗಿಲಿಗೆ ರೇಟು ಇಳಿಸಿ ಕೇಳುವವರನ್ನು ನಾನೇ ನೋಡಿದ್ದೇನೆ. ಆದ್ದರಿಂದಲೇ ಹೇಳುವುದು, ಆ ಕೆಲಸ ಅವರೇ ಮಾಡಿಸಿಕೊಳ್ಳಲಿ ಅಂತ. ಬೇಕಾದರೆ ಅದಕ್ಕೆ ಒಂದಿಷ್ಟು ಕಡಿಮೆ ಮಾಡಿ ಕೊಡಿ. ಒಡೆದು ಕಟ್ಟುವುದಕ್ಕಿಂತ ಅಗ್ಗ.

ತುಮಕೂರು ವಕೀಲ

ಮೇಡಂ, ನಿಮ್ಮ ಬರಹದಲ್ಲಿ ಇಲ್ಲದ ವಿಷಯವನ್ನು ಕೇಳುತ್ತೇನೆ. ಮಾವನವರು ವಿಲ್ ಬರೆದಿದ್ದಾರಾ? ನಿಮ್ಮ ಯಜಮಾನರಿಗೆ ಅಣ್ಣ ತಮ್ಮ, ಅಕ್ಕ ತಂಗಿ ಇದ್ದಾರಾ?

ಕುವೆಂಪುನಗರದ ಸೊಸೆ

ವಿಲ್ ಇಲ್ಲ ಸರ್. ನಾದಿನಿ ಒಬ್ಬರು ಇದ್ದಾರೆ, ಧಾರವಾಡದಲ್ಲಿ. ಖಾತೆ ಇನ್ನೂ ಮಾವನವರ ಹೆಸರಲ್ಲೇ ಇದೆ. ಕಂದಾಯ ನಾವೇ ಕಟ್ಟುತ್ತಿದ್ದೇವೆ.

ತುಮಕೂರು ವಕೀಲ

ಹಾಗಾದರೆ ಟೈಲ್ಸ್ ಅಂಗಡಿಗೆ ಆಮೇಲೆ ಹೋಗಿ.

ಮಾವನವರ ಸ್ವಯಾರ್ಜಿತ, ವಿಲ್ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಮಾವನವರ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು ಬರುತ್ತಿತ್ತು. ಅಂದರೆ ಈ ಮನೆಯಲ್ಲಿ ನಿಮ್ಮ ಯಜಮಾನರದು ಮೂರನೇ ಒಂದು ಭಾಗ. ಅತ್ತೆಯವರನ್ನು ಹೇಗೆ ಒಪ್ಪಿಸುವುದು ಅಂತ ನೀವು ಕೇಳುತ್ತಿದ್ದೀರಿ. ಅವರು ಒಪ್ಪಿಗೆ ಕೊಡಬೇಕಾದ ಹಿರಿಯರು ಮಾತ್ರ ಅಲ್ಲ, ಮಾಲೀಕರು. ಅವರ ಸಹಿ ಇಲ್ಲದೆ, ಧಾರವಾಡದವರ ಸಹಿ ಇಲ್ಲದೆ ಪೂರ್ತಿ ಮನೆಯ ಕ್ರಯಪತ್ರವೇ ಆಗುವುದಿಲ್ಲ.

ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಮೂವರ ಹೆಸರಿಗೂ ಪೌತಿ ಖಾತೆ ಮಾಡಿಸಿ. ಈಗ ಇ-ಖಾತಾ ಇಲ್ಲದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಮುಂದೆ ಹೋಗುವುದಿಲ್ಲ. ಸಿಐಟಿಬಿ ಕಾಲದ ಮಂಜೂರಾತಿ ಪತ್ರ, ಸ್ವಾಧೀನ ಪತ್ರ, ಕ್ರಯಪತ್ರ ಮೂರೂ ಮೂಲ ಪ್ರತಿ ಎಲ್ಲಿವೆ ನೋಡಿ. ಆಸ್ತಿ ಮೇಲೆ ಸಾಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ (ಇಸಿ) ಆನ್‌ಲೈನಿನಲ್ಲಿ ಸಿಗುತ್ತದೆ.

ಮಕ್ಕಳ ವಿಷಯ ಬಹಳ ಜನ ಕೇಳುತ್ತಾರೆ, ಇಲ್ಲೇ ಹೇಳಿಬಿಡುತ್ತೇನೆ. ಇದು ತಾತನ ಸ್ವಯಾರ್ಜಿತ, ಮಗ ಬದುಕಿದ್ದಾನೆ. ಆದ್ದರಿಂದ ನಿಮ್ಮ ಮಕ್ಕಳಿಗೆ ಇದರಲ್ಲಿ ಈಗ ಹಕ್ಕಿಲ್ಲ. ಆದರೂ ಕೊಳ್ಳುವವರ ವಕೀಲರು ಹೆದರಿಕೆಗೆ ಕೇಳಬಹುದು, ಕಾಗದ ತೋರಿಸಿದರೆ ಸಾಕು. ಅಪ್ರಾಪ್ತರ ಹೆಸರಿಗೇ ಪಾಲು ಬಂದಿದ್ದರೆ ಮಾತ್ರ ಅದನ್ನು ಮಾರಲು ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಹಾಗಾಗಿ ದಯವಿಟ್ಟು ಪ್ರೀತಿಗೆ ಅಂತ ಮಕ್ಕಳ ಹೆಸರಿಗೆ ಏನೂ ಬರೆಸಬೇಡಿ.

ಲೆಕ್ಕದಮ್ಮ

ಒಂದು ಮಾತು ಸೇರಿಸುತ್ತೇನೆ. ಮೂವರು ಮಾಲೀಕರು ಎಂದರೆ ಲಾಭವೂ ಮೂರು ಭಾಗ, ತೆರಿಗೆಯೂ ಮೂವರಿಗೆ ಬೇರೆ ಬೇರೆ. ನಿಮ್ಮ ಯಜಮಾನರ ಲೆಕ್ಕದಲ್ಲಿ ಪೂರ್ತಿ ದುಡ್ಡು ಅವರ ಕೈಗೇ ಬಂದ ಹಾಗಿತ್ತು, ಅಲ್ವಾ?

ಕುವೆಂಪುನಗರದ ಸೊಸೆ

ಹೌದು. ಇದನ್ನು ಓದಿ ತೋರಿಸಿದೆ. ಸುಮ್ನೆ ಫೋನ್ ಪಕ್ಕಕ್ಕಿಟ್ಟು ಮಹಡಿಗೆ ಹೋದರು.

ಎರಡು ಮಕ್ಕಳ ತಾಯಿ, ಹುಬ್ಬಳ್ಳಿ

ಅಕ್ಕಾ, ನಾವು ಮನೆಯಲ್ಲೇ ಇದ್ದುಕೊಂಡು ಕೆಲಸ ಮಾಡಿಸಿದವರು. ಮಾಡಬಹುದು. ಆದರೆ ನಾನು ಹೇಳುವ ಮೂರ್ನಾಲ್ಕು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ.

ನಮ್ಮ ಪೇಂಟರ್ ಥಿನ್ನರನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ತಂದು ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದರು. ನೋಡಲು ನೀರಿನ ಹಾಗೇ. ಮೂರು ವರ್ಷದ ಮಗನ ಕೈಗೆ ಸಿಗುವ ಎತ್ತರ. ಅವನು ಮುಚ್ಚಳ ತಿರುಗಿಸುತ್ತಿರುವಾಗ ನಮ್ಮತ್ತಿ ನೋಡಿದರು, ಬಚಾವ್. ಅವತ್ತೇ ನಿಯಮ ಮಾಡಿದೆ: ಥಿನ್ನರ್, ಸೀಮೆಎಣ್ಣೆ, ಆಸಿಡ್ ಏನೇ ಇದ್ದರೂ ಅದರದೇ ಡಬ್ಬಿಯಲ್ಲಿ, ಸಂಜೆ ಹೋಗುವಾಗ ಬೀಗದ ಒಳಗೆ. ಇಂಥದ್ದನ್ನು ಮಗು ಕುಡಿದರೆ ವಾಂತಿ ಮಾಡಿಸಲು ಹೋಗಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಬಾಟಲಿ ಸಮೇತ ನೇರವಾಗಿ ಆಸ್ಪತ್ರೆಗೆ.

ಸಂಪಿನ ಮುಚ್ಚಳ. ಕೆಲಸದವರು ನೀರು ಎತ್ತಿಕೊಂಡು ಹಾಗೇ ಬಿಟ್ಟು ಹೋಗುತ್ತಾರೆ. ಬೀಗ ಹಾಕಿಸಿ, ಕೀಲಿ ನಿಮ್ಮ ಸೊಂಟದಲ್ಲಿ ಇರಲಿ. ಕ್ಯೂರಿಂಗಿಗೆ (ಹೊಸ ಸಿಮೆಂಟಿಗೆ ನೀರುಣಿಸಲು) ಬಕೆಟ್ಟು, ಡ್ರಮ್ಮು ತುಂಬಿಡುತ್ತಾರಲ್ಲ, ಅಂಬೆಗಾಲಿಡುವ ಮಗುವಿಗೆ ಅರ್ಧ ಬಕೆಟ್ ನೀರೂ ಅಪಾಯವೇ.

ಆಮೇಲೆ ಹಳೇ ಬಣ್ಣ. ನಮಗೆ ಯಾರೂ ಹೇಳಿರಲಿಲ್ಲ, ಮಕ್ಕಳ ಡಾಕ್ಟರ್ ಹೇಳಿದರು. ಬಾಗಿಲು, ಕಿಟಕಿ, ಸರಳುಗಳಿಗೆ ಹೊಡೆದ ಹಳೇ ಎನಾಮಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮ ದೇಶದಲ್ಲಿ ಅದಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ನಿಮ್ಮ ಮನೆ ಕಿಟಕಿ ಮೇಲೆ ಪದರ ಪದರವಾಗಿ ಹಳೇದೇ ಇರುತ್ತದೆ. ಅದನ್ನು ಮೆಷಿನ್ ಹಾಕಿ ಉಜ್ಜಿದರೆ ಧೂಳು ನೆಲಕ್ಕೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಚಿಕ್ಕ ಮಕ್ಕಳ ಮಿದುಳಿಗೆ ಅದು ಒಳ್ಳೆಯದಲ್ಲ. ಒಣಗಿದ್ದನ್ನು ಉಜ್ಜಿಸಬೇಡಿ, ಬೆಂಕಿ ಹಚ್ಚಿ ಸುಲಿಸಬೇಡಿ. ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೊರಕೆ ಹಾಕಬೇಡಿ. ಆ ದಿನಗಳಲ್ಲಿ ಮಕ್ಕಳು ಅಜ್ಜಿ ಮನೆಗೆ. ಗಟ್ಟಿಯಾಗಿ ಕೂತಿರುವ ಬಣ್ಣವಾದರೆ ಕೆರೆಯದೆ ಮೇಲೆ ಹೊಸದು ಹೊಡೆಸಿದರೂ ನಡೆಯುತ್ತದೆ.

ಡಲ್ಲಾಸ್ ಕನ್ನಡಿಗ

ಇಲ್ಲಿ ಮನೆ ಬಣ್ಣದಲ್ಲಿ ಸೀಸ 1978ರಲ್ಲೇ ನಿಷೇಧ. ಅದಕ್ಕಿಂತ ಹಳೇ ಮನೆ ಮಾರುವವರು ತಮಗೆ ಗೊತ್ತಿರುವ ಸೀಸದ ಬಣ್ಣದ ವಿಷಯವನ್ನು ಕೊಳ್ಳುವವರಿಗೆ ಬರೆದುಕೊಡಲೇಬೇಕು.

ಹಾಸನದ ಮೇಸ್ತ್ರಿ

ಹುಬ್ಬಳ್ಳಿ ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನೂ ಹುಡುಗರಿಗೆ ಹೇಳುತ್ತೇನೆ, ಅರ್ಧ ಜನ ಮಾಸ್ಕೇ ಹಾಕಲ್ಲ.

ಹಿಂದುಗಡೆ ಬಚ್ಚಲಿಗೋ ಸ್ಕೂಟರಿಗೋ ಹಳೇ ಸಿಮೆಂಟ್ ಶೀಟ್ ಇದ್ದರೆ ಅದು ಆಸ್ಬೆಸ್ಟಾಸ್. ಕಟರ್ ಹಾಕಿ ಕೊಯ್ಯಿಸಬೇಡಿ, ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಎರಚಿ, ಬೋಲ್ಟು ಬಿಚ್ಚಿ, ಇಡೀ ಹಾಳೆಯಾಗಿಯೇ ಇಳಿಸಬೇಕು.

ಕುವೆಂಪುನಗರದ ಸೊಸೆ

ಸ್ಕೂಟರ್ ಶೆಡ್ಡಿಗೆ ಅದೇ ಶೀಟು ಇದೆ! ಮಗಳು ಅದರ ಕೆಳಗೇ ಅಡುಗೆ ಆಟ ಆಡುವುದು. ಥ್ಯಾಂಕ್ಸ್ ಅಣ್ಣ.

ದೇವರ ಮನೆ ವಿಷಯ ಯಾರಾದರೂ ಹೇಳಿ. ಪೈಪ್ ಬದಲಿಸಬೇಕಾದರೂ ಆ ಬಚ್ಚಲಿನ ಗೋಡೆ ಕೊರೆಯಲೇಬೇಕು. ಅತ್ತೆಗೆ ಅದರದೇ ಚಿಂತೆ.

ನಂಜನಗೂಡು ಅಜ್ಜಿ

ಮಗಳೇ, ನನಗೆ ಟೈಪ್ ಮಾಡಲು ಮೊಮ್ಮಗ ಸಹಾಯ ಮಾಡುತ್ತಿದ್ದಾನೆ.

ಸಾಲಿಗ್ರಾಮಕ್ಕೆ ಪ್ರಾಣಪ್ರತಿಷ್ಠೆ ಬೇಡ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಗೋಡೆಗೆ ಅಂಟಿದ ದೇವರಲ್ಲ. ಎಲ್ಲಿಟ್ಟರೂ ಶುದ್ಧವಾಗಿರಬೇಕು, ಪೂಜೆ ನಿಲ್ಲಬಾರದು, ಅಷ್ಟೇ. ಧೂಳು ಬೀಳದ ರೂಮಿನಲ್ಲಿ ಒಂದು ಮಣೆ ಹಾಕಿ, ಮೇಲೆ ಮಡಿ ಬಟ್ಟೆ ಹಾಸಿ ಸಾಲಿಗ್ರಾಮದ ಸಂಪುಟ (ಪೆಟ್ಟಿಗೆ) ಇಡಿ. ನಿಮ್ಮ ಪುರೋಹಿತರನ್ನು ಕೇಳಿ ಒಳ್ಳೆ ದಿನ ನೋಡಿ, ಕೆಲಸ ಮುಗಿಯುವ ತನಕ ಇಲ್ಲಿ ಅಂತ ಸಂಕಲ್ಪ ಮಾಡಿಸಿ. ನೀರು, ಹೂವು, ತುಳಸಿ, ಇಷ್ಟು ಅನ್ನ. ದೊಡ್ಡದೇನೂ ಬೇಡ. ನೋಡಿಕೊಳ್ಳಲು ಆಗದ ದಿನಗಳಿದ್ದರೆ ದಾಯಾದಿಗಳ ಮನೆಯಲ್ಲಿ ಪೂಜೆಗೆ ಇಡುವುದೂ ಉಂಟು.

ಆದರೆ ನಿನ್ನ ಅತ್ತೆಗೆ ಇದೆಲ್ಲ ಗೊತ್ತಿರುತ್ತದೆ ಮಗಳೇ. ಅವರಿಗೆ ಗೋಡೆಯ ಚಿಂತೆಯಾ, ಅಥವಾ ಮುಂದೆ ತಾವು ಎಲ್ಲಿ ಇರುವುದು ಅನ್ನುವ ಚಿಂತೆಯಾ? ಒಂದು ಸಲ ಕೂತು ಕೇಳು. ಬ್ರೋಕರ್ ಮುಂದೆ ಅಲ್ಲ.

ಹಂಚಿನಮನೆ ಕುಡ್ಲ

ನಾವು ಕ್ಯಾಥೊಲಿಕರು, ಮಂಗಳೂರು. ಅಜ್ಜನ ಹಂಚಿನ ಮನೆ ರಿಪೇರಿಗೆ ಇಳಿದಾಗ ನಮ್ಮದೂ ಇದೇ ಕತೆ. ಹಾಲಿನಲ್ಲಿ ಅಲ್ತಾರ್ (ಪ್ರಾರ್ಥನೆಯ ಪೀಠ) ಇತ್ತು, ಸಂಜೆ ಎಲ್ಲರೂ ಅದರ ಮುಂದೆಯೇ ತೆರ್ಸ್ (ಜಪಸರದ ಪ್ರಾರ್ಥನೆ) ಹೇಳುವುದು. ಅಮ್ಮ ಅದನ್ನು ಸರಿಸಲು ಬಿಡಲೇ ಇಲ್ಲ. ಕೊನೆಗೆ ಮಾಡು (ಛಾವಣಿ) ಬಿಚ್ಚುವಾಗ ಮಳೆಗಾಲ ಬರುವ ಮೊದಲು ಮುಗಿಸಬೇಕಿತ್ತು, ಹಾಗಾಗಿ ಯೇಸುವಿನ ಪಟ, ಕ್ಯಾಂಡಲ್ ಸ್ಟ್ಯಾಂಡ್ ಎಲ್ಲ ಅಮ್ಮನ ಮಂಚದ ಪಕ್ಕಕ್ಕೆ ಬಂತು. ತೆರ್ಸ್ ಅಲ್ಲೇ, ಮಕ್ಕಳು ಮಂಚದ ಮೇಲೆ ಕೂತು. ಮಕ್ಕಳಿಗೆ ಖುಷಿಯೋ ಖುಷಿ, ನಿದ್ದೆ ಬಂದರೆ ಅಲ್ಲೇ ಒರಗಬಹುದಲ್ಲ. ಕೆಲಸ ಮುಗಿದ ಮೇಲೆ ಪಾದ್ರಿಗಳು ಬಂದು ಮನೆ ಆಶೀರ್ವಾದ ಮಾಡಿದರು.

ಮಾರುವ ಯೋಚನೆ ನಮಗೂ ಇತ್ತು. ರಿಪೇರಿ ಆದ ಮೇಲೆ ಯಾರಿಗೂ ಮನಸ್ಸು ಬರಲಿಲ್ಲ. ಇದೊಂದು ಅಪಾಯ ಇದೆ ನೋಡಿ! ಬಿಚ್ಚಿದ ಹಂಚು ತೊಳೆದು ನೋಡಿದರೆ ಮುಕ್ಕಾಲು ಪಾಲು ಇನ್ನೂ ಗಟ್ಟಿ ಇದ್ದವು, ಅವನ್ನೇ ವಾಪಸ್ ಹೊದೆಸಿದೆವು.

ಶಿವಮೊಗ್ಗ ಭಾಯಿ

ನಾನು ಕೊಳ್ಳುವವರ ಕಡೆಯಿಂದ ಹೇಳುತ್ತೇನೆ. ನಾವು ಕೊಂಡದ್ದು ಒಬ್ಬ ರಿಟೈರ್ಡ್ ಮೇಷ್ಟ್ರ ಮನೆ. ದೇವರ ಕೋಣೆಯ ಬಾಗಿಲು ತೇಗದ್ದು, ಚೌಕಚೌಕವಾಗಿ ಕೊರೆದು ಒಂದೊಂದು ಚೌಕಕ್ಕೂ ಒಂದು ಪುಟ್ಟ ಹಿತ್ತಾಳೆ ಗಂಟೆ. ತೆಗೆದಾಗಲೆಲ್ಲ ಗಂಟೆ ಸದ್ದು. ರಿಜಿಸ್ಟ್ರೇಷನ್ ದಿನ ಮೇಷ್ಟ್ರ ಹೆಂಡತಿ ಆ ಬಾಗಿಲನ್ನೇ ನೋಡುತ್ತಿದ್ದರು. ನಮ್ಮ ತಂದೆ ಬಡಗಿಯನ್ನು ಕರೆಸಿ ಬಿಚ್ಚಿಸಿ, ಆಟೋದಲ್ಲಿ ಹಾಕಿ ಅವರ ಹೊಸ ಫ್ಲ್ಯಾಟಿಗೆ ಕಳಿಸಿದರು. ಆ ಕೋಣೆ ಈಗ ನಮ್ಮ ಮಕ್ಕಳು ಓದುವ ಜಾಗ.

ಹೇಳಬೇಕೆಂದಿದ್ದು ಇಷ್ಟೇ, ನಾವು ಸೈಟು, ಗೋಡೆ, ನೀರು, ಕಾಗದ ನೋಡಿ ಕೊಂಡೆವು. ಅವರು ಹೊಸ ಟೈಲ್ಸ್ ಹಾಕಿಸಿದ್ದರೆ ಅದಕ್ಕೆ ಒಂದು ರೂಪಾಯಿ ಜಾಸ್ತಿ ಕೊಡುತ್ತಿರಲಿಲ್ಲ.

ಬೆಂಗಳೂರು ಬ್ರಿಕ್ಸ್

ಎಲ್ಲರೂ ಒಂದೇ ಕಡೆ ಎಳೆಯುತ್ತಿದ್ದೀರಿ. ಹಳೇದು ಕೊಂಡು ರಿಪೇರಿ ಮಾಡಿಸಿ ಮಾರಿ ದುಡ್ಡು ಮಾಡುವವರು ಇದ್ದಾರೆ, ನಾನೇ ಇದ್ದೇನೆ. ಆದರೆ ನಾನು ಕೊಳ್ಳುವುದು ಫ್ಲ್ಯಾಟ್. ಅಲ್ಲಿ ಕೊಳ್ಳುವವರು ನೋಡುವುದು ಒಳಗಿನ ಅಂದವನ್ನೇ, ಒಡೆದು ಕಟ್ಟುವ ಪ್ರಶ್ನೆ ಇಲ್ಲ. ಅದೂ ಎಲ್ಲಿ? ದುಡ್ಡಿನ ತುರ್ತಿನಿಂದ ಕಡಿಮೆಗೆ ಮಾರುತ್ತಿರುವ ಕಡೆ. ಲಾಭ ಇರುವುದು ಕೊಳ್ಳುವ ರೇಟಿನಲ್ಲಿ. ಎರಡು ವರ್ಷ ಬಾಡಿಗೆಗೆ ಕೊಟ್ಟು ಆಮೇಲೆ ಮಾರುತ್ತೇನೆ. ನನ್ನ ಹೆಂಡತಿ ಮಕ್ಕಳು ಅದರಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ನಾವು ವಾಸ ಇರುವ ಮನೆ ಬೇರೆ, ಅದನ್ನು ಈ ವ್ಯವಹಾರಕ್ಕೆ ತರುವುದಿಲ್ಲ.

ಮಗಳು ಯುಕೆಜಿ ಅಂದಿರಿ, ಮುಂದಿನ ವರ್ಷ ಒಂದನೇ ಕ್ಲಾಸು. ಎರಡು ಮೂರು ವರ್ಷಕ್ಕೊಂದು ಮನೆ ಎಂದರೆ ಶಾಲೆ ವ್ಯಾನಿನ ರೂಟಿನಿಂದ ಹಿಡಿದು ಎಲ್ಲ ಬದಲು. ಅದರ ಖರ್ಚನ್ನು ಯಾವ ಎಕ್ಸೆಲ್ ಶೀಟಿಗೂ ಹಾಕುವುದಿಲ್ಲ ಜನ.

ಬಿಸಿಮಾತು

ಇಲ್ಲಿ ಒಂದು ಮಾತು ಒಪ್ಪುತ್ತೇನೆ. ಆಷಾಢದಲ್ಲಿ ಮನೆ ನೋಡಲು ಬರುವವರು ಕಡಿಮೆ, ಧನುರ್ಮಾಸ, ಪಿತೃಪಕ್ಷದಲ್ಲೂ ಅಷ್ಟೇ. ನೀವು ನಂಬಿದರೂ ಸರಿ, ಬಿಟ್ಟರೂ ಸರಿ, ಮಾರುವ ತಿಂಗಳನ್ನು ಪಂಚಾಂಗ ನೋಡಿಯೇ ಲೆಕ್ಕ ಹಾಕಿ.

ಹಾಸನದ ಮೇಸ್ತ್ರಿ

ಆಷಾಢದಲ್ಲಿ ಹೊಸ ಮನೆ ಶುರು ಮಾಡುವವರು ಇಲ್ಲ, ಒಳ್ಳೆ ಕೆಲಸದವರು ಸಿಗುತ್ತಾರೆ. ವೈರಿಂಗ್, ಪೈಪು ಆಗ ಮಾಡಿಸಿ. ತಾರಸಿ, ಪೇಂಟ್ ಮಾತ್ರ ಆಗ ಬೇಡ, ಮೋಡ ಇದ್ದರೆ ಒಣಗಲ್ಲ.

ಕುವೆಂಪುನಗರದ ಸೊಸೆ

ನಂಜನಗೂಡು ಅಜ್ಜಿ ಹೇಳಿದ ಹಾಗೆ ಭಾನುವಾರ ಕೂತು ಕೇಳಿದೆವು. ಧಾರವಾಡದಿಂದ ನಾದಿನಿಯೂ ಬಂದಿದ್ದರು.

ಅತ್ತೆಗೆ ಮಾರುವುದರಲ್ಲಿ ಬೇಸರ ಇಲ್ಲವಂತೆ! "ಮೆಟ್ಟಿಲು ಹತ್ತಿ ಬಟ್ಟೆ ಒಣಗಿಸೋಕೆ ನಂಗೂ ಆಗಲ್ಲ" ಅಂದರು. "ಆದ್ರೆ ಮೊದಲು ಹೋಗೋ ಮನೆ ತೋರ್ಸಿ. ಅಲ್ಲಿ ದೇವರಿಗೆ ಜಾಗ ಮಾಡಿ. ಸಾಲಿಗ್ರಾಮ ಅಲ್ಲಿ ಹೋಗಿ ಕೂತ ಮೇಲೆ ಈ ಮನೆ ಕೀಲಿ ಯಾರಿಗಾದ್ರೂ ಕೊಡಿ. ಬಾಡಿಗೆ ಮನೇಲಿ, ರಿಪೇರಿ ಮನೇಲಿ, ಮಧ್ಯದಲ್ಲಿ ಅಲೆಯೋಕೆ ಆಗಲ್ಲ." ಪ್ರತಿ ಸಲ ಹೊಸ ಮನೆ, ಹೊಸ ಗೃಹಪ್ರವೇಶ ಎನ್ನುವ ಮಾತಿಗೆ ಮಾತ್ರ ಖಡಾಖಂಡಿತ ಬೇಡ ಎಂದರು. ನಾದಿನಿ ತಮ್ಮ ಪಾಲು ಬೇಕೆಂದರು, ಮುಲಾಜಿಲ್ಲದೆ. ಅದು ಸರಿಯೂ ಹೌದು.

ಈಗ ನನ್ನ ಗಂಡನ ಪ್ರಶ್ನೆ: ಮಾರುವ ಮೊದಲೇ ಹೊಸ ಮನೆ ಕೊಂಡರೆ ತೆರಿಗೆ ವಿನಾಯಿತಿ ಹೋಗುತ್ತದಾ?

ಲೆಕ್ಕದಮ್ಮ

ಹೋಗುವುದಿಲ್ಲ. ಮಾರುವ ಒಂದು ವರ್ಷ ಮುಂಚೆ ಕೊಂಡರೂ ನಡೆಯುತ್ತದೆ, ಮಾರಿದ ಎರಡು ವರ್ಷದ ಒಳಗೆ ಕೊಂಡರೂ ನಡೆಯುತ್ತದೆ, ಕಟ್ಟಿಸುವುದಾದರೆ ಮೂರು ವರ್ಷ. ನಿಮ್ಮ ಅತ್ತೆಯವರ ಷರತ್ತು ಕಾನೂನಿಗೆ ಚೆನ್ನಾಗಿ ಹೊಂದುತ್ತದೆ. ಒಂದೇ ಎಚ್ಚರಿಕೆ: ಅತ್ತೆ, ಯಜಮಾನರು ಇಬ್ಬರೂ ವಿನಾಯಿತಿ ಕೇಳುವುದಾದರೆ ಹೊಸ ಮನೆಯ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರಲಿ, ಇಬ್ಬರ ಖಾತೆಯಿಂದಲೂ ಅವರವರ ದುಡ್ಡು ಹೋಗಿರಲಿ. ನಾದಿನಿಯವರ ಪಾಲಿನ ತೆರಿಗೆ ಅವರ ಲೆಕ್ಕ, ಮನೆ ಕೊಳ್ಳದಿದ್ದರೆ ಆರು ತಿಂಗಳ ಒಳಗೆ 50 ಲಕ್ಷದವರೆಗೆ ಸರ್ಕಾರ ಇದಕ್ಕೆಂದೇ ಸೂಚಿಸಿರುವ ಬಾಂಡಿಗೆ ಹಾಕಬಹುದು, ಐದು ವರ್ಷ ತೆಗೆಯುವ ಹಾಗಿಲ್ಲ.

ಮಧ್ಯದಲ್ಲಿ ದುಡ್ಡಿನ ಕೊರತೆಗೆ ಸಾಲ ಬೇಕಾಗುತ್ತದೆ. ಬಡ್ಡಿ ಎಷ್ಟು ತಿಂಗಳು ತಾಳುತ್ತದೆ ಎಂದು ಮೊದಲು ನೋಡಿ, ಹಳೇ ಮನೆ ಹೇಳಿದ ಸಮಯಕ್ಕೆ ಮಾರಾಟವಾಗುವುದು ಕಡಿಮೆ.

ಕುವೆಂಪುನಗರದ ಸೊಸೆ

ಹಾಗಾದರೆ ಹೀಗೆ ಅಂದುಕೊಂಡಿದ್ದೇವೆ. ಆರ್‌ಸಿಸಿಬಿ, ಅರ್ಥಿಂಗ್ ಈ ವಾರವೇ. ಸಂಪಿಗೆ ಬೀಗ ಬಿತ್ತು. ಸೋರಿಕೆ, ಪೈಪು ಮಾಡಿಸುತ್ತೇವೆ. ಬಚ್ಚಲಿನ ಗೋಡೆ ಕೊರೆಯುವಾಗ ಸಾಲಿಗ್ರಾಮ ಅತ್ತೆಯ ರೂಮಿಗೆ, ಮಕ್ಕಳು ನನ್ನ ಅಮ್ಮನ ಮನೆಗೆ. ಕೆಂಪು ನೆಲ ಹಾಗೇ ಇರುತ್ತದೆ. ಕಿಚನ್, ಸೀಲಿಂಗ್ ಎರಡೂ ಕ್ಯಾನ್ಸಲ್. ನನ್ನ ಗಂಡ ಅಷ್ಟು ಖುಷಿಯಾಗಿಲ್ಲ, ವಿಡಿಯೋ ನೋಡುವುದೂ ಬಿಟ್ಟಿಲ್ಲ. ಬೆಂಗಳೂರು ಬ್ರಿಕ್ಸ್ ಅವರೇ, ಅವರು ನಿಮಗೆ ಮೆಸೇಜ್ ಮಾಡುತ್ತಾರಂತೆ, ಫ್ಲ್ಯಾಟ್ ವಿಷಯ ಕೇಳಲು. ದಯವಿಟ್ಟು ಹುರಿದುಂಬಿಸಬೇಡಿ.

ಬೆಂಗಳೂರು ಬ್ರಿಕ್ಸ್

ಹ್ಹ ಹ್ಹ. ಅವರಿಗೆ ನಾನು ದುಡ್ಡು ಕಳೆದುಕೊಂಡ ಕೇಸುಗಳನ್ನೇ ಮೊದಲು ತೋರಿಸುತ್ತೇನೆ ಮೇಡಂ.

ತುಮಕೂರು ವಕೀಲ

ಪಟ್ಟಿಯಲ್ಲಿ ಪೌತಿ ಖಾತೆ ಕಾಣಲಿಲ್ಲ.

ಕುವೆಂಪುನಗರದ ಸೊಸೆ

ಮರಣ ಪ್ರಮಾಣಪತ್ರ ಸಿಕ್ಕಿದೆ ಸರ್. ಸ್ವಾಧೀನ ಪತ್ರ ಹುಡುಕುತ್ತಿದ್ದೇವೆ. ಮಾವನವರ ಟ್ರಂಕಿನ ಕೀಲಿ ಅತ್ತೆ ಹತ್ತಿರ ಇದೆ, ಸೋಮವಾರ ತೆಗೆಯೋಣ ಎಂದಿದ್ದಾರೆ.